ಒಂದಗುಳಿನ ನ್ಯಾಯ

ಅನ್ನ ಬೆಂದಿದೆಯೇ ಇಲ್ಲವೇ ಎಂದು ತಿಳಿಯಲು ನಮ್ಮ ತಾಯಂದಿರು ಪಾತ್ರೆಯಲ್ಲಿರುವ ಅನ್ನವನ್ನೆಲ್ಲ ಹಿಸುಕಿ ನೋಡುವುದಿಲ್ಲ. ಒಂದೇ ಒಂದು ಅಗುಳನ್ನು ಬೆರಳ ನಡುವೆ ಒತ್ತಿ ನೋಡುತ್ತಾರೆ. ಅದು ಬೆಂದಿದ್ದರೆ ಪಾತ್ರೆಯನ್ನು ಕೆಳಗಿಳಿಸುತ್ತಾರೆ. ಶಾಸ್ತ್ರಕಾರರು ಇದಕ್ಕೆ ಸ್ಥಾಲೀಪುಲಾಕ ನ್ಯಾಯವೆಂದು ದೊಡ್ಡ ಹೆಸರು ಕೊಟ್ಟಿದ್ದಾರೆ. ಅಡಿಗೆಮನೆಯಲ್ಲಿ ಈ ನ್ಯಾಯ ಸಾಮಾನ್ಯವಾಗಿ ಕೈಕೊಡುವುದಿಲ್ಲ. ಆದರೆ ನಾವು ಇದನ್ನು ಅಡಿಗೆಮನೆಯಲ್ಲೇ ಬಿಟ್ಟು ಬರುವುದಿಲ್ಲವಲ್ಲ! ಒಂದು ಭಾಷಣ ಕೇಳಿ ಭಾಷಣಕಾರನನ್ನು, ಒಂದು ಹೊತ್ತು ಉಂಡು ಮನೆತನವನ್ನು, ಒಂದು ಪುಸ್ತಕ ಓದಿ ಲೇಖಕನನ್ನು ತೀರ್ಮಾನಿಸಿಬಿಡುತ್ತೇವೆ. ಈ ತೀರ್ಮಾನ ಎಷ್ಟರಮಟ್ಟಿಗೆ ನ್ಯಾಯ ಎಂಬುದೇ ಇಲ್ಲಿನ ಪ್ರಶ್ನೆ.

ಗಂಭೀರ ಸಾಹಿತ್ಯದ ಉದಾಹರಣೆಗಳಿಂದ ಇದನ್ನು ಚರ್ಚಿಸುವ ಅರ್ಹತೆ ನನಗಿಲ್ಲ. ನಾನು ಓದಿದ್ದು ಬಿ.ಎಸ್‌ಸಿ., ಮಾಡುವುದು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತಿಕೆ, ಬಿಡುವಿನಲ್ಲಿ ಓದುವುದು ಪತ್ತೇದಾರಿ ಕಾದಂಬರಿ. ಈ ಹವ್ಯಾಸವಿರುವವರಿಗೆಲ್ಲ ಒಂದು ಅನುಭವ ಆಗಿಯೇ ಇರುತ್ತದೆ. ಮೆಚ್ಚಿನ ಲೇಖಕನ ಒಂದು ಪುಸ್ತಕ ರಾತ್ರಿ ಎರಡು ಗಂಟೆಯವರೆಗೂ ದೀಪ ಆರಿಸಗೊಡುವುದಿಲ್ಲ. ಅದೇ ಲೇಖಕನ ಇನ್ನೊಂದು ಪುಸ್ತಕ ಎಂಟನೆಯ ಪುಟದಲ್ಲೇ ನಿದ್ರೆ ಬರಿಸುತ್ತದೆ. ಮುಖಪುಟದ ಮೇಲಿನ ಹೆಸರು ಅದೇ, ಬೆಲೆಯೂ ಹೆಚ್ಚುಕಡಿಮೆ ಅದೇ. ಹಾಗಾದರೆ ಆ ಲೇಖಕನನ್ನು ಯಾವುದರಿಂದ ಅಳೆಯಬೇಕು? ಅತ್ಯುತ್ತಮ ಕೃತಿಯಿಂದಲೋ, ಅತಿ ದುರ್ಬಲ ಕೃತಿಯಿಂದಲೋ, ಎಲ್ಲದರ ಸರಾಸರಿಯಿಂದಲೋ? ಮೆಚ್ಚಿದವನು ಸೋತಾಗ ಓದುಗನ ಧರ್ಮವೇನು?

ಪತ್ತೇದಾರಿ ಕಥೆಯನ್ನೇ ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇದೆ. ಒಂದು ಕವಿತೆ ಚೆನ್ನಾಗಿದೆಯೇ ಇಲ್ಲವೇ ಎಂಬ ವಾದ ನೂರು ವರ್ಷ ನಡೆದರೂ ಮುಗಿಯದು. ಪತ್ತೇದಾರಿ ಕಥೆಯಲ್ಲಿ ಲೇಖಕನಿಗೂ ಓದುಗನಿಗೂ ನಡುವೆ ಒಂದು ಕರಾರು ಇರುತ್ತದೆ. ಕರಾರು ಪಾಲನೆಯಾಗಿದೆಯೇ ಎಂದು ಪುಟ ತಿರುಗಿಸಿ ಪರೀಕ್ಷಿಸಬಹುದು. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ, ತಾನೂ ಪತ್ತೇದಾರಿ ಕಥೆಗಳನ್ನು ಬರೆಯುತ್ತಿದ್ದವನು, ಈ ಕರಾರಿಗೆ ಹತ್ತು ಕಟ್ಟಳೆಗಳನ್ನು ಬರೆದಿಟ್ಟ. ಅಪರಾಧಿ ಕಥೆಯ ಆರಂಭದ ಭಾಗದಲ್ಲೇ ಕಾಣಿಸಿಕೊಂಡಿರಬೇಕು. ದೆವ್ವಭೂತಗಳ ನೆರವು ಕೂಡದು. ಲೋಕ ಕಂಡರಿಯದ ವಿಷವನ್ನು ಬಳಸಬಾರದು. ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗನಿಂದ ಮುಚ್ಚಿಡಬಾರದು. ಮುನ್ಸೂಚನೆ ಕೊಡದೆ ಅವಳಿ ಸೋದರರನ್ನು ತಂದು ನಿಲ್ಲಿಸಬಾರದು. (ಈ ಕೊನೆಯ ಕಟ್ಟಳೆ ಚಲನಚಿತ್ರಗಳಿಗೂ ಅನ್ವಯಿಸಿದ್ದರೆ ಎಷ್ಟೋ ನಾಯಕನಟರ ದ್ವಿಪಾತ್ರಗಳಿಗೆ ಸಂಚಕಾರ ಬರುತ್ತಿತ್ತು.) 1930ರಲ್ಲಿ ಲಂಡನ್ನಿನಲ್ಲಿ ಡಿಟೆಕ್ಷನ್ ಕ್ಲಬ್ ಎಂಬ ಲೇಖಕರ ಕೂಟ ಹುಟ್ಟಿತು. ಜಿ.ಕೆ. ಚೆಸ್ಟರ್ಟನ್ ಅದರ ಮೊದಲ ಅಧ್ಯಕ್ಷ. ಅಗಾಥಾ ಕ್ರಿಸ್ಟಿ, ಡೊರೊತಿ ಸೇಯರ್ಸ್ ಮೊದಲಾದವರು ಸದಸ್ಯರು. ಸದಸ್ಯರಾಗುವವರು ಓದುಗನಿಂದ ಮುಖ್ಯ ಸುಳಿವನ್ನು ಬಚ್ಚಿಡುವುದಿಲ್ಲವೆಂದು ಪ್ರಮಾಣ ಮಾಡಬೇಕಾಗಿತ್ತು. ಅದು ತಮಾಷೆಯ ಪ್ರಮಾಣವೇ ನಿಜ. ಆದರೆ ಆ ತಮಾಷೆಯೊಳಗೆ ಒಂದು ನೀತಿ ಇತ್ತು: ಎಲ್ಲ ಸುಳಿವುಗಳನ್ನೂ ಓದುಗನ ಕೈಗಿತ್ತು, ಅವನ ಕಣ್ಣೆದುರಿಗೇ ಅವನನ್ನು ಸೋಲಿಸಬೇಕು, ಕತ್ತಲೆಯಲ್ಲಿ ಹಿಂದಿನಿಂದ ಹೊಡೆಯಬಾರದು.

ಈಗ ಅಳತೆಯ ವಿಷಯಕ್ಕೆ ಬರೋಣ. ವಿಜ್ಞಾನ ಓದಿದವನಿಗೆ ಮೊದಲು ಹೊಳೆಯುವುದು ಸರಾಸರಿ. ಆದರೆ ಸರಾಸರಿ ಮೂರಡಿ ಆಳವಿರುವ ಹೊಳೆಯಲ್ಲೂ ಮನುಷ್ಯ ಮುಳುಗಬಲ್ಲ ಎಂಬುದನ್ನು ಮರೆಯಬಾರದು. ರೇಮಂಡ್ ಚಾಂಡ್ಲರ್ ಎಂಬ ಅಮೆರಿಕದ ಲೇಖಕ ಬರೆದು ಮುಗಿಸಿದ ಕಾದಂಬರಿಗಳು ಏಳೇ ಏಳು. ಮೊದಲನೆಯದಾದ ‘ದಿ ಬಿಗ್ ಸ್ಲೀಪ್’ 1939ರಲ್ಲಿ ಹೊರಬಂದಾಗ ಅವನಿಗೆ ಐವತ್ತು ವರ್ಷ. ಈ ಏಳರಲ್ಲಿ ಮೂರು ನಾಲ್ಕು ಶಿಖರಗಳು. 1958ರ ‘ಪ್ಲೇಬ್ಯಾಕ್’ ಮಾತ್ರ ತಗ್ಗು. ಪೆರ್ರಿ ಮೇಸನ್ ಎಂಬ ವಕೀಲನನ್ನು ಸೃಷ್ಟಿಸಿದ ಅರ್ಲ್ ಸ್ಟ್ಯಾನ್ಲಿ ಗಾರ್ಡನರ್ ಇದಕ್ಕೆ ತೀರ ವಿರುದ್ಧ. ಸ್ವತಃ ವಕೀಲನಾಗಿದ್ದ ಈತ 1933ರಿಂದ ಆರಂಭಿಸಿ ಮೇಸನ್ ಕಾದಂಬರಿಗಳನ್ನೇ ಎಂಬತ್ತಕ್ಕೂ ಹೆಚ್ಚು ಬರೆದ. ಬರೆದ ಎನ್ನುವುದಕ್ಕಿಂತ, ಕಾರ್ಯದರ್ಶಿನಿಯರಿಗೆ ಹೇಳಿ ಬರೆಸಿದ ಎನ್ನಬೇಕು. ತನ್ನನ್ನು ತಾನೇ ಕಥೆಯ ಕಾರ್ಖಾನೆ ಎಂದು ಕರೆದುಕೊಂಡ. ಅವನಲ್ಲಿ ಚಾಂಡ್ಲರನ ಶಿಖರವೂ ಇಲ್ಲ, ‘ಪ್ಲೇಬ್ಯಾಕ್’ನ ತಗ್ಗೂ ಇಲ್ಲ, ಬಯಲುಸೀಮೆಯ ರಸ್ತೆಯಂತೆ ಒಂದೇ ಸಮ. ಕಕ್ಷಿದಾರ ಬರುತ್ತಾನೆ, ಹೆಣ ಬೀಳುತ್ತದೆ, ಕೊನೆಗೆ ನ್ಯಾಯಾಲಯದಲ್ಲಿ ಮೇಸನ್ ಗುಟ್ಟು ಬಯಲಿಗೆಳೆಯುತ್ತಾನೆ. ಇಬ್ಬರ ಸರಾಸರಿ ತೆಗೆದರೆ ಅಂಕ ಹತ್ತಿರ ಹತ್ತಿರ ಬರಬಹುದು. ಅದರಿಂದ ನಮಗೆ ಏನು ತಿಳಿದಂತಾಯಿತು? ರೈಲಿನಲ್ಲಿ ಆರು ಗಂಟೆ ಕಳೆಯಬೇಕಾದವನಿಗೆ ಗಾರ್ಡನರ್ ನಂಬಿಕಸ್ಥ. ಮನಸ್ಸು ತಟ್ಟಬೇಕೆಂದು ಬಯಸುವವನಿಗೆ ಚಾಂಡ್ಲರ್.

ಸರ್ಕಾರಿ ನೌಕರರಾದ ನಮಗೆ ಈ ಅಂಕದ ಲೆಕ್ಕ ಹೊಸದಲ್ಲ. ನಮ್ಮ ವರ್ಷದ ಕೆಲಸಕ್ಕೆ ಮೇಲಧಿಕಾರಿ ಹತ್ತರಲ್ಲಿ ಇಂತಿಷ್ಟು ಎಂದು ಅಂಕ ಹಾಕುತ್ತಾರೆ. ಹಿಂದೆ ಅದು ಗೌಪ್ಯ ವರದಿ. ಏನು ಬರೆದರೆಂಬುದು ಬರೆಸಿಕೊಂಡವನಿಗೇ ಬಹುಮಟ್ಟಿಗೆ ತಿಳಿಯುತ್ತಿರಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಬಳಿಕ, 2009ರಿಂದ ವರದಿಯನ್ನು ನೌಕರನಿಗೆ ತೋರಿಸಬೇಕು, ಅವನ ಅಹವಾಲನ್ನೂ ಕೇಳಬೇಕು ಎಂದಾಯಿತು. ಬಡ್ತಿಯ ಸಮಿತಿಯೂ ಒಂದು ವರ್ಷದ ವರದಿಯನ್ನಷ್ಟೇ ಅಲ್ಲ, ಹಲವು ವರ್ಷಗಳದನ್ನು ಒಟ್ಟಿಗಿಟ್ಟು ನೋಡುತ್ತದೆ. ಅಂಕ ಕಡಿಮೆ ಬಿದ್ದ ವರ್ಷ ಏನಾಗಿತ್ತು ಎಂದು ಕೇಳುವುದು ಮೃದುತ್ವವಲ್ಲ, ಅದು ನ್ಯಾಯದ ಒಂದು ಅಂಗ. ಲೇಖಕರ ವಿಷಯದಲ್ಲೂ ಹೀಗೆ ಕೇಳಿ ನೋಡಿದರೆ, ಕೆಳಗೆ ಬಿದ್ದವರೆಲ್ಲ ಒಂದೇ ರೀತಿಯಲ್ಲಿ ಬಿದ್ದಿಲ್ಲವೆಂಬುದು ಗೊತ್ತಾಗುತ್ತದೆ.

ಮೊದಲು ಆರ್ಥರ್ ಕಾನನ್ ಡಾಯ್ಲ್‌ರನ್ನು ನೋಡಿ. ಷೆರ್ಲಾಕ್ ಹೋಮ್ಸ್ 1887ರಲ್ಲಿ ಹುಟ್ಟಿದ. ಆರೇ ವರ್ಷಗಳಲ್ಲಿ ಡಾಯ್ಲ್‌ರಿಗೆ ಅವನು ಸಾಕಾಗಿಹೋದ. ತಮ್ಮ ನಿಜವಾದ ಸಾಧನೆ ಐತಿಹಾಸಿಕ ಕಾದಂಬರಿಗಳಲ್ಲಿದೆ, ಈ ಪತ್ತೇದಾರ ಅದಕ್ಕೆ ಅಡ್ಡ ಬಂದಿದ್ದಾನೆ ಎಂದು ಭಾವಿಸಿ 1893ರ ಡಿಸೆಂಬರಿನಲ್ಲಿ ಅವನನ್ನು ಸ್ವಿಟ್ಜರ್ಲೆಂಡಿನ ಜಲಪಾತಕ್ಕೆ ತಳ್ಳಿಬಿಟ್ಟರು. ಓದುಗರು ಬಿಡಲಿಲ್ಲ. 1903ರಲ್ಲಿ ಹೋಮ್ಸ್ ಬದುಕಿ ಬಂದ; 1927ರವರೆಗೂ ಕಥೆಗಳು ಬಂದವು. ಒಟ್ಟು ನಾಲ್ಕು ಕಾದಂಬರಿ, 56 ಕಥೆ. ಕಾರ್ನ್‌ವಾಲಿನ ದೋಣಿಯವನೊಬ್ಬ, ಹೋಮ್ಸ್ ಬಂಡೆಯಿಂದ ಬಿದ್ದು ಸಾಯದೆ ಇದ್ದಿರಬಹುದು, ಆದರೆ ಆಮೇಲೆ ಅವನು ಮೊದಲಿನ ಮನುಷ್ಯನಾಗಿ ಉಳಿಯಲಿಲ್ಲ ಎಂಬರ್ಥದ ಮಾತು ಹೇಳಿದನಂತೆ. ಇದನ್ನು ಡಾಯ್ಲ್‌ರೇ ನಗುತ್ತ ಹೇಳಿಕೊಂಡಿದ್ದಾರೆ. 1923ರ ‘ದಿ ಕ್ರೀಪಿಂಗ್ ಮ್ಯಾನ್’ ಕಥೆಯಲ್ಲಿ ಮುದಿ ಪ್ರಾಧ್ಯಾಪಕರೊಬ್ಬರು ಯೌವನ ಮರಳಿ ಬರಲೆಂದು ಕೋತಿಯ ಸತ್ವವನ್ನು ಚುಚ್ಚಿಕೊಂಡು ಕೋತಿಯಂತೆ ಗೋಡೆ ಹತ್ತುತ್ತಾರೆ. ಇದನ್ನು ಓದಿದವರಿಗೆ ದೋಣಿಯವನ ಮಾತು ಸರಿಯೆನಿಸದೆ ಇರದು. ಇದು ಮನಸ್ಸು ಒಲ್ಲದ ಕೆಲಸವನ್ನು ಮುಂದುವರಿಸಿದವರ ಇಳಿತ. ಸಂಬಳಕ್ಕಾಗಿ ದುಡಿಯುವ ನಮ್ಮಲ್ಲಿ ಯಾರು ಇದಕ್ಕೆ ಕಲ್ಲು ಹೊಡೆಯಬಲ್ಲರು?

ಆದರೆ ಶಿಖರವೆಂದರೆ ದೋಷವಿಲ್ಲದ್ದು ಎಂದು ತಿಳಿಯಬೇಡಿ. 1927ರಲ್ಲಿ ಡಾಯ್ಲ್‌ರು ತಮ್ಮ ಮೆಚ್ಚಿನ ಹನ್ನೆರಡು ಕಥೆಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಕೊಟ್ಟದ್ದು 1892ರ ‘ದಿ ಸ್ಪೆಕಲ್ಡ್ ಬ್ಯಾಂಡ್’ ಕಥೆಗೆ. ನೂರಮೂವತ್ತು ವರ್ಷ ಹಳೆಯದಾದ್ದರಿಂದ ಗುಟ್ಟು ಹೇಳಿದರೆ ಪಾಪವಿಲ್ಲ: ಅಲ್ಲಿ ಕೊಲೆಗಾರ ಭಾರತದಿಂದ ತಂದ ಒಂದು ಹಾವು. ಗಂಟೆಯ ಹಗ್ಗದ ಮೇಲೆ ಇಳಿದು ಬರುತ್ತದೆ, ಸಿಳ್ಳೆ ಹಾಕಿದರೆ ವಾಪಸು ಹೋಗುತ್ತದೆ, ಬಹುಮಾನವಾಗಿ ಒಂದು ಬಟ್ಟಲು ಹಾಲು ಕುಡಿಯುತ್ತದೆ! ಕಥೆಯಲ್ಲಿ ಹೇಳಿದ ಹೆಸರಿನ ಹಾವು ನಮ್ಮ ದೇಶದಲ್ಲಿಲ್ಲ; ಹಾವಿಗೆ ಹೊರಕಿವಿ ಇಲ್ಲ; ಹಾಲು ಅದರ ಆಹಾರವಲ್ಲ. ನಾಗರಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವ ನಾವು ಡಾಯ್ಲ್‌ರನ್ನು ಈ ವಿಷಯದಲ್ಲಿ ಬಹಳ ಗದರಿಸುವಂತಿಲ್ಲವೆನ್ನಿ. ಇಷ್ಟಾದರೂ ಆ ಕಥೆಯ ಕತ್ತಲೆಕೋಣೆಯಲ್ಲಿ ಹೋಮ್ಸ್‌ನೊಡನೆ ನಾವೂ ಉಸಿರು ಬಿಗಿಹಿಡಿದು ಕೂರುತ್ತೇವೆ. ಚಾಂಡ್ಲರನ ‘ದಿ ಬಿಗ್ ಸ್ಲೀಪ್’ನಲ್ಲೂ ಒಬ್ಬ ಕಾರು ಚಾಲಕ ಸಾಯುತ್ತಾನೆ. ಅದನ್ನು ಚಲನಚಿತ್ರ ಮಾಡುತ್ತಿದ್ದವರು ಅವನನ್ನು ಕೊಂದವರು ಯಾರೆಂದು ಕೇಳಿದರೆ, ತನಗೂ ಗೊತ್ತಿಲ್ಲವೆಂದು ಚಾಂಡ್ಲರ್ ಉತ್ತರಿಸಿದನೆಂಬುದು ಪ್ರಸಿದ್ಧ ಕಥೆ. ತಪ್ಪುಗಳ ಸಂಖ್ಯೆ ಎಣಿಸುವುದರಿಂದ ಪುಸ್ತಕದ ತೂಕ ಸಿಗುವುದಿಲ್ಲ.

ಎರಡನೆಯ ಬಗೆಯ ಇಳಿತ ಅಗಾಥಾ ಕ್ರಿಸ್ಟಿಯವರದು. 1890ರಲ್ಲಿ ಹುಟ್ಟಿ 1976ರಲ್ಲಿ ತೀರಿಕೊಂಡ ಈಕೆ 66 ಪತ್ತೇದಾರಿ ಕಾದಂಬರಿಗಳನ್ನು ಬರೆದರು. 1926ರ ‘ರೋಜರ್ ಆಕ್ರಾಯ್ಡ್’, 1934ರ ‘ಓರಿಯಂಟ್ ಎಕ್ಸ್‌ಪ್ರೆಸ್’, 1939ರ ‘ಅಂಡ್ ದೆನ್ ದೇರ್ ವರ್ ನನ್’ ಇವು ಈ ಪ್ರಕಾರದ ಶಿಖರಗಳೆಂಬುದು ನಿರ್ವಿವಾದ. ಅದೇ ಕೈ 1972ರಲ್ಲಿ ‘ಎಲಿಫೆಂಟ್ಸ್ ಕ್ಯಾನ್ ರಿಮೆಂಬರ್’, 1973ರಲ್ಲಿ ‘ಪೋಸ್ಟರ್ನ್ ಆಫ್ ಫೇಟ್’ ಬರೆಯಿತು. ಈ ಎರಡರಲ್ಲೂ ಪಾತ್ರಗಳು ಹೇಳಿದ್ದನ್ನೇ ಹೇಳುತ್ತವೆ, ಇಸವಿ ವಯಸ್ಸುಗಳ ಲೆಕ್ಕ ತಾಳೆಯಾಗುವುದಿಲ್ಲ, ಕಥೆ ಎತ್ತಲೋ ಹೊರಟು ಎಲ್ಲೋ ನಿಲ್ಲುತ್ತದೆ. ಹಣದ ಆಸೆಗೆ ಬರೆದದ್ದೆಂದು ಮೂಗು ಮುರಿಯುವುದು ಸುಲಭ. 2009ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ಆಕೆಯ ಬೇರೆ ಬೇರೆ ವಯಸ್ಸಿನ ಕಾದಂಬರಿಗಳನ್ನು ಗಣಕಯಂತ್ರದಿಂದ ಅಳೆದು ನೋಡಿದರು. ಕೊನೆಯ ಕಾದಂಬರಿಗಳಲ್ಲಿ ಬಳಸಿದ ಪದಗಳ ವೈವಿಧ್ಯ ಗಣನೀಯವಾಗಿ ಕುಗ್ಗಿತ್ತು. ‘ಅದು’, ‘ಏನೋ ಒಂದು’ ಎಂಬಂಥ ಅಸ್ಪಷ್ಟ ಪದಗಳು ಹೆಚ್ಚಿದ್ದವು. ಇದು ಮರೆವಿನ ಕಾಯಿಲೆಯ ಲಕ್ಷಣವಾಗಿರಬಹುದೆಂದು ಅವರು ಊಹಿಸಿದರು. ಊಹೆ ಊಹೆಯೇ, ಕಾಯಿಲೆಯೆಂದು ಯಾವ ವೈದ್ಯರೂ ಆಕೆ ಬದುಕಿದ್ದಾಗ ಹೇಳಿದ ದಾಖಲೆಯಿಲ್ಲ. ಆದರೆ ಆನೆಗೆ ಮರೆವಿಲ್ಲ ಎಂಬ ಹೆಸರಿನ ಪುಸ್ತಕವನ್ನು, ತನ್ನ ನೆನಪೇ ಜಾರುತ್ತಿರುವಾಗ, ಎಂಬತ್ತು ದಾಟಿದ ಮುದುಕಿಯೊಬ್ಬರು ಬರೆಯುತ್ತಿದ್ದರೆಂದು ಯೋಚಿಸಿದರೆ ಮೂಗು ಮುರಿಯಲು ಮನಸ್ಸು ಬರುವುದಿಲ್ಲ.

ಇಷ್ಟರಿಂದ ಆ ಪುಸ್ತಕ ಒಳ್ಳೆಯದಾಯಿತೇ? ಆಗಲಿಲ್ಲ. ನಮ್ಮ ಮನೆಯಲ್ಲಿ ಎಪ್ಪತ್ತೆಂಟು ವರ್ಷದ ತಾಯಿಯವರಿದ್ದಾರೆ. ಕೆಲವು ದಿನ ಸಾರಿಗೆ ಎರಡು ಸಲ ಉಪ್ಪು ಬಿದ್ದಿರುತ್ತದೆ. ಸಾರು ಉಪ್ಪಾಗಿದೆ ಎಂಬುದು ಸಾರಿನ ವಿಷಯ. ಅದನ್ನು ಅಲ್ಲವೆನ್ನುವುದು ಸುಳ್ಳು. ಆದರೆ ಅಮ್ಮನಿಗೆ ಅಡಿಗೆ ಬಾರದು ಎಂದರೆ ಅದು ಅದಕ್ಕಿಂತ ದೊಡ್ಡ ಸುಳ್ಳು. ನಲವತ್ತು ವರ್ಷ ಉಂಡ ನಾಲಗೆ ಆಡಬಾರದ ಮಾತು. ಕೃತಿಯ ಮೇಲಿನ ತೀರ್ಪು ಬೇರೆ, ಕರ್ತೃವಿನ ಮೇಲಿನ ತೀರ್ಪು ಬೇರೆ. ಮೊದಲನೆಯದರಲ್ಲಿ ರಿಯಾಯಿತಿ ಕೂಡದು. ಎರಡನೆಯದರಲ್ಲಿ ಆತುರ ಕೂಡದು.

ಕ್ರಿಸ್ಟಿಯವರ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ತಾವು ಉಳಿಯುತ್ತೇವೋ ಇಲ್ಲವೋ ಎಂದು ಆಕೆ ಎರಡು ಕಾದಂಬರಿಗಳನ್ನು ಬರೆದು ಭದ್ರವಾಗಿ ಎತ್ತಿಟ್ಟಿದ್ದರು. ಒಂದು ಮಗಳಿಗೆ, ಒಂದು ಗಂಡನಿಗೆ ಎಂದು. ಮಗಳ ಪಾಲಿನ ‘ಕರ್ಟನ್’ 1975ರಲ್ಲಿ ಅಚ್ಚಾಯಿತು. ಅದರಲ್ಲಿ ಪತ್ತೇದಾರ ಪಾಯ್ರೋ ಸಾಯುತ್ತಾನೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ಕಾಲ್ಪನಿಕ ವ್ಯಕ್ತಿಯ ನಿಧನವಾರ್ತೆಯನ್ನು ಮುಖಪುಟದಲ್ಲೇ ಹಾಕಿತು. ಎರಡು ವರ್ಷ ಹಿಂದೆ ‘ಪೋಸ್ಟರ್ನ್ ಆಫ್ ಫೇಟ್’ ಓದಿ ಈಕೆಯ ಕಥೆ ಮುಗಿಯಿತೆಂದು ಪುಸ್ತಕ ಮುಚ್ಚಿದವರು, ಐವತ್ತರ ಹರೆಯದ ಕ್ರಿಸ್ಟಿಯವರ ಪೂರ್ಣಶಕ್ತಿಯ ಈ ಬರಹವನ್ನು ಕಳೆದುಕೊಂಡರು. ಕೊನೆಗೆ ಕೈಗೆ ಸಿಕ್ಕ ಅಗುಳೇ ಕೊನೆಯ ಅಗುಳೆಂದು ಹೇಗೆ ಹೇಳುವುದು?

ದಣಿವು, ಮುಪ್ಪು ಇವು ಸೋಲುಗಳು. ಸೋಲು ಬೇರೆ, ಮೋಸ ಬೇರೆ. ‘ರೋಜರ್ ಆಕ್ರಾಯ್ಡ್’ ಬಂದಾಗ ಕ್ರಿಸ್ಟಿಯವರು ಓದುಗರಿಗೆ ಮೋಸ ಮಾಡಿದರೆಂದು ಕೆಲವರು ಕೂಗೆಬ್ಬಿಸಿದರು. ಯಾರನ್ನೂ ಬಿಡದೆ ಸಂಶಯಿಸುವುದು ಓದುಗನ ಕೆಲಸವಲ್ಲವೇ ಎಂಬ ಧಾಟಿಯಲ್ಲಿ ಸೇಯರ್ಸ್ ಆಕೆಯ ಪರ ವಾದಿಸಿದರು. ಓದದವರ ರಸಭಂಗ ಮಾಡಬಾರದಾದ್ದರಿಂದ ಗುಟ್ಟು ಹೇಳುವುದಿಲ್ಲ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿ ನೋಡಿ. ಪ್ರತಿಯೊಂದು ಸುಳಿವೂ ಅಲ್ಲೇ, ನಮ್ಮ ಕಣ್ಣ ಮುಂದೆಯೇ ಇದ್ದದ್ದು ಕಾಣುತ್ತದೆ. ಕರಾರು ಮುರಿದಿಲ್ಲ. ಇದಕ್ಕೆ ಪ್ರತಿಯಾಗಿ, ಮುನ್ನೂರು ಪುಟ ಓದಿಸಿ, ಹಿಂದೆಲ್ಲೂ ಹೆಸರೇ ಎತ್ತದ ಒಬ್ಬ ಸೋದರಮಾವನನ್ನು ಕೊನೆಯ ಅಧ್ಯಾಯದಲ್ಲಿ ತಂದು ಕೊಲೆಗಾರನೆನ್ನುವವರೂ ಇದ್ದಾರೆ. ಅವರ ಭಾಷೆ ಎಷ್ಟೇ ಸೊಗಸಾಗಿರಲಿ, ಅವರು ಮಾರಿದ್ದು ತೂಕದಲ್ಲಿ ಕಡಿಮೆಯ ಸರಕು. ಕೈಲಾಗದೆ ಕಡಿಮೆ ಕೊಟ್ಟವನನ್ನು ಕ್ಷಮಿಸಬಹುದು. ತಕ್ಕಡಿಯ ತಟ್ಟೆಯಡಿ ಮೇಣ ಅಂಟಿಸಿದವನನ್ನು ಹೇಗೆ ಕ್ಷಮಿಸುವುದು?

ಇನ್ನೂ ಒಂದು ಬಗೆಯಿದೆ. ಒಂದು ಕಾಲಕ್ಕೆ ನಮ್ಮ ರೈಲು ನಿಲ್ದಾಣಗಳ ಪುಸ್ತಕದಂಗಡಿಗಳಲ್ಲಿ ಜೇಮ್ಸ್ ಹ್ಯಾಡ್ಲಿ ಚೇಸ್ ಹೆಸರು ರಾರಾಜಿಸುತ್ತಿತ್ತು. ಈತ ಇಂಗ್ಲೆಂಡಿನವನು, ಅಮೆರಿಕದ ಗ್ರಾಮ್ಯಶಬ್ದಗಳ ಕೋಶವನ್ನೂ ಭೂಪಟಗಳನ್ನೂ ಮುಂದಿಟ್ಟುಕೊಂಡು ಅಮೆರಿಕದ ಪಾತಕಲೋಕದ ಕಥೆ ಬರೆದ. 1939ರ ‘ನೋ ಆರ್ಕಿಡ್ಸ್ ಫಾರ್ ಮಿಸ್ ಬ್ಲ್ಯಾಂಡಿಷ್’ ಅವನ ಮೊದಲ ಕಾದಂಬರಿ. ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ 1944ರಲ್ಲಿ ಈ ಪುಸ್ತಕದ ಮೇಲೆ ಒಂದು ಪ್ರಬಂಧ ಬರೆದರು. ಬರವಣಿಗೆಯಲ್ಲಿ ಒಂದು ಪದವೂ ವ್ಯರ್ಥವಾಗಿಲ್ಲವೆಂದು ಹೊಗಳಿ, ಅದರ ತಿರುಳಿನಲ್ಲಿರುವುದು ಬಲದ ಆರಾಧನೆ, ಕ್ರೌರ್ಯದ ಸಂಭ್ರಮ ಎಂದು ಅವರು ಎಚ್ಚರಿಸಿದರು. ಇಲ್ಲಿ ಕಸುಬು ಸೋತಿಲ್ಲ, ಕಸುಬುದಾರನ ಮನಸ್ಸು ಯಾರ ಪಕ್ಷದಲ್ಲಿದೆ ಎಂಬುದೇ ಪ್ರಶ್ನೆ. ಕ್ರಿಸ್ಟಿಯವರ ದುರ್ಬಲ ಕಾದಂಬರಿಯಲ್ಲೂ ಸತ್ತವನ ಜೀವಕ್ಕೆ ಒಂದು ಬೆಲೆಯಿದೆ, ಕೊಂದದ್ದು ತಪ್ಪೆಂಬ ನಿಲುವಿದೆ. ಗಾರ್ಡನರ್ ಕಥೆಯ ಕಾರ್ಖಾನೆಯೇ ಆದರೂ, 1948ರಿಂದ ಗೆಳೆಯರೊಡನೆ ಸೇರಿ, ಅನ್ಯಾಯವಾಗಿ ಶಿಕ್ಷೆಗೊಳಗಾದವರ ಮೊಕದ್ದಮೆಗಳನ್ನು ಮತ್ತೆ ಪರಿಶೀಲಿಸುವ ಕೆಲಸಕ್ಕೆ ಕೈಹಾಕಿದ. ನಿರಪರಾಧಿಯನ್ನು ಉಳಿಸುವ ಮೇಸನ್ನನ ಹಟ ಬರಿಯ ಸರಕಾಗಿರಲಿಲ್ಲ. ಚೆನ್ನಾಗಿ ಬರೆದದ್ದೆಲ್ಲ ಒಳ್ಳೆಯದಲ್ಲ, ಸಾಧಾರಣವಾಗಿ ಬರೆದದ್ದೆಲ್ಲ ಕೆಟ್ಟದ್ದೂ ಅಲ್ಲ.

ಒಂದು ಪುಸ್ತಕದಿಂದ ಯಾರಿಗೆ ಏನು ಒಳಿತಾದೀತೆಂದು ಲೆಕ್ಕ ಹಾಕುವುದಂತೂ ಯಾರಿಂದಲೂ ಆಗದ ಮಾತು. ಕ್ರಿಸ್ಟಿಯವರ 1961ರ ‘ದಿ ಪೇಲ್ ಹಾರ್ಸ್’ ಕಾದಂಬರಿಯನ್ನು ಆಕೆಯ ಮೊದಲ ಸಾಲಿನ ಕೃತಿಗಳಲ್ಲಿ ಎಣಿಸುವವರು ಕಡಿಮೆ. ಅದರಲ್ಲಿ ಬರುವ ವಿಷ ಥ್ಯಾಲಿಯಂ. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ದುಡಿದಿದ್ದ ಕ್ರಿಸ್ಟಿಯವರು ವಿಷಗಳ ವಿಚಾರದಲ್ಲಿ ಅಡ್ಡಾದಿಡ್ಡಿ ಬರೆಯುತ್ತಿರಲಿಲ್ಲ. ಕೂದಲು ಉದುರುವುದೇ ಮೊದಲಾಗಿ ಲಕ್ಷಣಗಳನ್ನು ಸರಿಯಾಗಿ ಕೊಟ್ಟಿದ್ದರು. 1977ರಲ್ಲಿ ಕತಾರ್ ದೇಶದಿಂದ ಎರಡು ವರ್ಷವೂ ತುಂಬದ ಹೆಣ್ಣುಮಗುವೊಂದನ್ನು ಲಂಡನ್ನಿನ ಆಸ್ಪತ್ರೆಗೆ ತಂದರು. ಕಾಯಿಲೆ ಏನೆಂದು ವೈದ್ಯರಿಗೆ ಹೊಳೆಯಲಿಲ್ಲ. ಆ ದಿನಗಳಲ್ಲಿ ಈ ಕಾದಂಬರಿಯನ್ನು ಓದುತ್ತಿದ್ದ ದಾದಿಯೊಬ್ಬಳು, ಪುಸ್ತಕದಲ್ಲಿ ಹೇಳಿದ ಲಕ್ಷಣಗಳೇ ಮಗುವಿನಲ್ಲಿವೆ ಎಂದಳು. ಪರೀಕ್ಷೆ ಮಾಡಿದರೆ ಥ್ಯಾಲಿಯಂ ಎಂದೇ ಖಚಿತವಾಯಿತು. ಚಿಕಿತ್ಸೆಯಿಂದ ಮಗು ಚೇತರಿಸಿಕೊಂಡಿತು. ಕ್ರಿಸ್ಟಿಯವರು ಹಿಂದಿನ ವರ್ಷವೇ ತೀರಿಕೊಂಡಿದ್ದರು. ಕಥೆ ಎರಡನೆಯ ದರ್ಜೆಯದಿದ್ದೀತು, ವಿಷದ ವಿವರದಲ್ಲಿ ಆಕೆ ತೋರಿದ ಶ್ರದ್ಧೆ ಎರಡನೆಯ ದರ್ಜೆಯದಾಗಿರಲಿಲ್ಲ. ಮಗುವನ್ನು ಉಳಿಸಿದ್ದು ಆ ಶ್ರದ್ಧೆ.

ನಮ್ಮ ಕನ್ನಡಕ್ಕೆ ಬಂದರೆ, ಎನ್. ನರಸಿಂಹಯ್ಯನವರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಶಾಲೆಯ ಓದು ಪ್ರಾಥಮಿಕ ಹಂತದಲ್ಲೇ ನಿಂತುಹೋದ ಅವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದು 2011ರಲ್ಲಿ ನಿಧನರಾದರು. ಐನೂರರಲ್ಲಿ ಏರುಪೇರು ಇಲ್ಲದೆ ಇದ್ದೀತೇ? ವಿದ್ವಾಂಸರು ಅವರನ್ನು ಪಂಕ್ತಿಯಲ್ಲಿ ಕೂರಿಸಿಕೊಳ್ಳಲಿಲ್ಲ. ಆದರೆ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಕನ್ನಡ ಓದುವ ಚಟ ಅಂಟಿಸಿಕೊಂಡು, ಮುಂದೆ ಕಾರಂತರು, ಭೈರಪ್ಪನವರ ಕಡೆಗೆ ನಡೆದವರು ಎಷ್ಟೋ ಮಂದಿ. ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡಿದರೂ ಓದುವುದು ಮರಾಠಿ, ಇಂಗ್ಲಿಷು ಎಂದು ಪುಣೆಯಲ್ಲಿ ಕುಳಿತು ಪೇಚಾಡುವ ನಮಗೆ, ಓದುವ ಚಟ ಹಿ‌ಡಿಸುವ ಕನ್ನಡ ಪುಸ್ತಕದ ಬೆಲೆ ಏನೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಇನ್ನು ಟಿ.ಕೆ. ರಾಮರಾವ್. ಪತ್ತೇದಾರಿ ಕಾದಂಬರಿಗಳಿಂದ ಹೆಸರಾದ ಅವರನ್ನು ಆ ಒಂದಗುಳಿನಿಂದಲೇ ಅಳೆದು ಪಕ್ಕಕ್ಕಿಟ್ಟವರಿಗೆ, ಬರಡು ನೆಲವನ್ನು ಹಸನು ಮಾಡುವ ರಾಜೀವಪ್ಪನ ಕಥೆ ಆ ಕೈಯಿಂದ ಬರುವುದೆಂದು ತೋಚಿತ್ತೇ? 1972ರಲ್ಲಿ ನಾಡೆಲ್ಲ ಮುಗಿಬಿದ್ದು ನೋಡಿದ ‘ಬಂಗಾರದ ಮನುಷ್ಯ’ ಚಿತ್ರ ಅವರ ಕಾದಂಬರಿಯನ್ನು ಆಧರಿಸಿದ್ದು.

ಪುಣೆಯ ಮಾತು ಬಂದದ್ದರಿಂದ, ಈ ಊರಿಗೆ ಬಂದು ನೆಲೆಸಿದ್ದ ಇನ್ನೊಬ್ಬ ಪರಊರಿನವರನ್ನೂ ಸ್ಮರಿಸಬೇಕು. ಬ್ಯೋಮಕೇಶ್ ಬಕ್ಷಿಯ ಸೃಷ್ಟಿಕರ್ತ ಶರದಿಂದು ಬಂದ್ಯೋಪಾಧ್ಯಾಯರು ಆ ಕಥೆಗಳನ್ನು 1932ರಲ್ಲಿ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಹತ್ತು ಕಥೆ ಬರೆದು ನಿಲ್ಲಿಸಿಬಿಟ್ಟರು. ಮುಂಬಯಿಯ ಚಿತ್ರರಂಗಕ್ಕೆ ಕೆಲಸಕ್ಕೆ ಬಂದರು. ಸುಮಾರು ಹದಿನೈದು ವರ್ಷ ಕಳೆದು, ಕಲ್ಕತ್ತೆಯ ಓದುಗರು ಇನ್ನೂ ಕೇಳುತ್ತಿದ್ದಾರೆಂದು ತಿಳಿದು, 1951ರ ಸುಮಾರಿಗೆ ಮತ್ತೆ ಬ್ಯೋಮಕೇಶನನ್ನು ಕರೆತಂದರು. ಆಮೇಲೆ ಪುಣೆಯಲ್ಲಿ ನೆಲೆಸಿ, ಬಂಗಾಳದಿಂದ ಸಾವಿರಾರು ಕಿಲೋಮೀಟರು ದೂರದಲ್ಲಿ ಕುಳಿತು, ಬಂಗಾಳಿಯಲ್ಲೇ ಬರೆದರು. 1970ರಲ್ಲಿ ತೀರಿಕೊಂಡಾಗ ಒಂದು ಬ್ಯೋಮಕೇಶ್ ಕಥೆ ಅರ್ಧಕ್ಕೆ ನಿಂತಿತ್ತು. ಬತ್ತಿದಾಗ ನಿಲ್ಲಿಸುವುದು, ಒರತೆ ಬಂದಾಗ ಮತ್ತೆ ಆರಂಭಿಸುವುದು ಎಲ್ಲರಿಗೂ ಸಾಧ್ಯವಾಗುವ ಸಂಯಮವಲ್ಲ. ಸೇಯರ್ಸ್ ಕೂಡ 1937ರ ನಂತರ ಪತ್ತೇದಾರಿ ಕಾದಂಬರಿ ಪ್ರಕಟಿಸದೆ, ಮುಂದೆ ದಾಂತೆಯ ಮಹಾಕಾವ್ಯವನ್ನು ಅನುವಾದಿಸಲು ಕುಳಿತರು. ಆದರೆ ಡಾಯ್ಲ್‌ರಿಗೆ ಓದುಗರು ನಿಲ್ಲಿಸಲು ಬಿಡಲಿಲ್ಲವೆಂಬುದನ್ನೂ ಮರೆಯಬಾರದು. ಮೆಚ್ಚಿನ ಲೇಖಕನ ಇಳಿತದಲ್ಲಿ, ಇನ್ನೊಂದು ಬೇಕು ಎಂದು ಸದಾ ಕೈಚಾಚುವ ನಮ್ಮ ಪಾಲೂ ಇದೆ.

ಕಾಲೇಜಿಗೆ ಹೋಗುವ ನನ್ನ ಮಗಳದು ಬೇರೆಯೇ ದಾರಿ. “ಅಪ್ಪಾ, ಕ್ರಿಸ್ಟೀದು ಬೆಸ್ಟ್ ಐದು ಹೇಳಿಬಿಡಿ, ಅಷ್ಟು ಓದಿದರೆ ಸಾಕಲ್ವಾ?” ಎನ್ನುತ್ತಾಳೆ. ಹೋಟೆಲಿಗೆ, ಆಟೋದವನಿಗೆ, ಪುಸ್ತಕಕ್ಕೆ ಎಲ್ಲಕ್ಕೂ ಐದರಲ್ಲಿ ಇಷ್ಟು ನಕ್ಷತ್ರ ಎಂದು ಒತ್ತುವ ಕಾಲದಲ್ಲಿ ಬೆಳೆದವಳು. ಪುರುಸೊತ್ತು ಕಡಿಮೆಯಿರುವವರಿಗೆ ಈ ಮಾತು ತಪ್ಪೇನಲ್ಲ. ಐದರ ಪಟ್ಟಿ ಕೊಟ್ಟೆ. ಆದರೆ ಬರಿಯ ಶಿಖರಗಳನ್ನೇ ವಿಮಾನದಿಂದ ನೋಡಿದವನಿಗೆ ಎತ್ತರದ ಅರಿವಾಗುವುದಿಲ್ಲ. ಹತ್ತು ಸಾಧಾರಣ ಕಾದಂಬರಿಗಳನ್ನು ಓದಿದ ಮೇಲೆ ‘ರೋಜರ್ ಆಕ್ರಾಯ್ಡ್’ ಓದಿದರೆ, ಅಲ್ಲಿ ಏನು ಸಾಧಿತವಾಗಿದೆ ಎಂದು ಗೊತ್ತಾಗುತ್ತದೆ. ಒಳ್ಳೆಯ ದಿನ ಮಾತ್ರ ಭೇಟಿಯಾಗುತ್ತೇನೆ ಎನ್ನುವವನು ಅಭಿಮಾನಿಯಾದಾನು, ಗೆಳೆಯನಾಗಲಾರ.

ಹಾಗೆಂದು ಅಭಿಮಾನದ ಹೆಸರಿನಲ್ಲಿ ಕಣ್ಣು ಮುಚ್ಚಿಕೊಳ್ಳುವುದೂ ಸಲ್ಲದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಓದುಗರಿಗೂ ಅನ್ವಯಿಸುತ್ತದೆ. ದುರ್ಬಲ ಪುಸ್ತಕವನ್ನು ಪ್ರೀತಿಗಾಗಿ ಶ್ರೇಷ್ಠವೆನ್ನುವವನು ಆ ಲೇಖಕನ ನಿಜವಾದ ಶ್ರೇಷ್ಠ ಪುಸ್ತಕಕ್ಕೇ ಅಪಚಾರ ಮಾಡುತ್ತಾನೆ. ಎರಡಕ್ಕೂ ಒಂದೇ ಬೆಲೆ ಕಟ್ಟಿದರೆ ದೊಡ್ಡದರ ಬೆಲೆ ಇಳಿಯುತ್ತದೆ. ದುರ್ಬಲ ಪುಸ್ತಕವೊಂದನ್ನು ಹಿಡಿದು ಲೇಖಕನನ್ನೇ ತಳ್ಳಿಹಾಕುವವನು ಉಂಡ ಮನೆಗೆ ಎರಡು ಬಗೆಯುತ್ತಾನೆ. ಗುಮಾಸ್ತನ ಭಾಷೆಯಲ್ಲಿ ಹೇಳುವುದಾದರೆ ಎರಡು ಖಾತೆಗಳನ್ನು ಬೇರೆ ಬೇರೆ ಇಡಬೇಕು. ಗುಣದ ಖಾತೆಯಲ್ಲಿ ಪ್ರತಿ ಪುಸ್ತಕಕ್ಕೂ ಅದರದೇ ಅಂಕ. ಹಿಂದಿನ ವರ್ಷದ ಶಿಲ್ಕನ್ನು ಮುಂದಕ್ಕೆ ತರುವಂತಿಲ್ಲ. ಋಣದ ಖಾತೆಯಲ್ಲಿ ಮಾತ್ರ ಹಳೆಯ ಶಿಲ್ಕು ಎಂದಿಗೂ ಅಳಿಸುವುದಿಲ್ಲ. ಈ ಎರಡನೆಯ ಖಾತೆಯನ್ನು ಮುಚ್ಚಬೇಕಾಗುವುದು ಒಂದೇ ಸಂದರ್ಭದಲ್ಲಿ: ಲೇಖಕ ಸೋತಾಗ ಅಲ್ಲ, ತಿಳಿದೂ ತಿಳಿದೂ ವಂಚಿಸಿದಾಗ. ನಮ್ಮ ಹಿರಿಯರು, ಸಹೋದ್ಯೋಗಿಗಳು, ನಮ್ಮ ಸಂಘಗಳಲ್ಲಿ ದುಡಿದು ದಣಿದ ಕಾರ್ಯಕರ್ತರು, ಇವರನ್ನು ತೂಗುವಾಗಲೂ ಇದಕ್ಕಿಂತ ಮೇಲಾದ ಲೆಕ್ಕವನ್ನು ನಾನು ಕಾಣೆ.

ಆದ್ದರಿಂದ ಮುಂದೆ ಯಾರಾದರೂ ಕಿರಿಯರು ನಿಮ್ಮ ಕಪಾಟಿನಿಂದ ಮೆಚ್ಚಿನ ಲೇಖಕರ ಪುಸ್ತಕವೊಂದನ್ನು ಕೈಗೆತ್ತಿಕೊಂಡರೆ, ಅದು ಸಾಧಾರಣವಾಗಿದ್ದರೆ ಸಾಧಾರಣವೆಂದೇ ಹೇಳಿ. ಹಾಗಾದರೆ ಇದನ್ನೇಕೆ ಇಷ್ಟು ವರ್ಷ ಜೋಪಾನ ಮಾಡಿದ್ದೀರಿ ಎಂದು ಅವರು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ಬಿಡುವು ಮಾಡಿಕೊಂಡು, ಕೂತು ಉತ್ತರ ಹೇಳಿ.